ಸೂಜಿಯಮ್ಮನ ತೊಟ್ಟಿ

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನ ತುದಿ ಗುಬ್ಬಿಯ ಕೈಯಲ್ಲಿ, ಹೊರಗಿನ ತುದಿ ಅವಳ ಸೋದರಮಾವನ ಕೈಯಲ್ಲಿ. ನಡುವೆ ಸೋಫಾ ಹಿಂದೆಯೂ ಹೋಗದೆ ಮುಂದೆಯೂ ಬಾರದೆ ಹಟ ಹಿಡಿದು ನಿಂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗುಬ್ಬಿಯ ತಾಯಿಯ ದೇಹ ಆಸ್ಪತ್ರೆಯಿಂದ ಬರುವುದಿತ್ತು. ಅಷ್ಟರೊಳಗೆ ನಡುಮನೆ ಖಾಲಿಯಾಗಬೇಕಿತ್ತು.

"ಕಾಲು ಎತ್ತು ಅಂದ್ನಲ್ಲೇ."

"ಎತ್ತಿದೀನಿ ಮಾವ. ನೀವು ಸ್ವಲ್ಪ ವಾರೆ ಮಾಡಿ."

"ವಾರೆ ಮಾಡಿದ್ರೆ ಗೋಡೆ ಬಣ್ಣ ಕಿತ್ಕೊಂಡು ಬರುತ್ತೆ."

"ಬರ್ಲಿ ಬಿಡಿ. ಬಯ್ಯೋಕೆ ಅಮ್ಮ ಇಲ್ವಲ್ಲ."

ಮಾವ ತಲೆ ತಗ್ಗಿಸಿ ಸೋಫಾದ ಬಟ್ಟೆಯನ್ನೇ ನೋಡಿದ. ಗುಬ್ಬಿ ಮೂಗೆಳೆದುಕೊಂಡು ಮತ್ತೊಮ್ಮೆ ನೂಕಿದಳು. ಹೆಸರು ಗುಬ್ಬಿಯಾದರೂ ಆಳು ಹಾಗಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಸೀಟಿ ಮರೆತುಬಂದ ದಿನವೂ ಮೈದಾನದ ಆ ತುದಿಗೆ ಕೇಳಿಸುವ ಗಂಟಲು. ನಲವತ್ತು ದಾಟಿದ್ದರೂ ಮನೆಯವರಿಗೆಲ್ಲ ಅವಳು ಇನ್ನೂ ಗುಬ್ಬಿಯೇ.

ಮಾವನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಕೋಲೂರಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಮುದುಕರು ಮೆಟ್ಟಿಲ ಮೇಲೆ ನಿಂತಿದ್ದರು.

"ತೊಟ್ಟೀನ ಯಾರಾದ್ರೂ ಮುಟ್ಟಿದ್ರಾ?" ಎಂದರು.

ಮಾವನಿಗೆ ಮೈ ಉರಿಯಿತು. "ಸಾವಿನ ಮನೆ ಸ್ವಾಮಿ ಇದು. ಮೊದಲು ಅಯ್ಯೋ ಪಾಪ ಅನ್ನಿ. ತೊಟ್ಟಿ, ಬಕೆಟ್ಟು ಎಲ್ಲಾ ಆಮೇಲೆ ವಿಚಾರಿಸ್ಕೊಳ್ಳಿ."

"ಅಯ್ಯೋ ಪಾಪ ಅನ್ನೋದನ್ನ ಮನೇಲೇ ಒಬ್ನೇ ಕೂತು ಅಂದು ಮುಗಿಸ್ಕೊಂಡು ಬಂದೆ. ಗುಬ್ಬಿ, ನಿನ್ನನ್ನೇ ಕೇಳಿದ್ದು. ತೊಟ್ಟಿ?"

"ಯಾರೂ ಮುಟ್ಟಿಲ್ಲ ಸರ್. ಬಚ್ಚಲಲ್ಲೇ ಇದೆ."

ಮುದುಕರ ಮುಖ ಕೊಂಚ ಸಡಿಲಾಯಿತು. ಅವರನ್ನು ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಲಂಗರು ಸರ್ ಎನ್ನುತ್ತಿದ್ದರು, ಗುಬ್ಬಿಯ ತಾಯಿಯನ್ನು ಸೂಜಿಯಮ್ಮ. ಇಬ್ಬರ ಮೇಜೂ ಒಂದೇ ಕಿಟಕಿಯ ಎಡಬಲಕ್ಕೆ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯಾಗುವವರೆಗೆ ಎದುರುಬದುರು ಕೂತು ಜಗಳವಾಡಿದರು. ನಿವೃತ್ತಿಯಾದ ಮೇಲೆ ಫೋನಿನಲ್ಲಿ ಆಡಿದರು.

ಕೆಲಸವಾದರೂ ಎಂಥದು? ಕಲ್ಲಾಗಿಹೋದ ಸ್ಪಂಜುಗಳ ಗುರುತು ಹಿಡಿಯುವುದು. ಸ್ಪಂಜೆಂದರೆ ಪಾತ್ರೆ ತಿಕ್ಕುವುದಲ್ಲ, ಸಮುದ್ರದ ತಳದಲ್ಲಿ ಬೇರು ಬಿಟ್ಟ ಹಾಗೆ ಕೂರುವ ಒಂದು ಪ್ರಾಣಿ. ಅದಕ್ಕೆ ಮೂಳೆಯಿಲ್ಲ, ಮೂಳೆಯ ಬದಲು ಮೈತುಂಬ ಗಾಜಿನಂಥ ಸಣ್ಣ ಸೂಜಿಗಳು. ಸತ್ತರೆ ಮೈ ಕೊಳೆತು ಸೂಜಿಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ನೂರೆಂಟು ಸ್ಪಂಜುಗಳ ಸೂಜಿ ಒಂದೇ ಕೆಸರಿನಲ್ಲಿ ಬೆರೆತು ಸುಣ್ಣಕಲ್ಲಾಗುತ್ತದೆ. ಆ ಕಲ್ಲನ್ನು ವಿನೆಗರಿನಲ್ಲಿ ಕರಗಿಸಿ, ಅದರಲ್ಲಿ ಕರಗದೆ ಉಳಿದ ಸೂಜಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಆರಿಸಿ, ಇದು ಯಾರದು, ಅದು ಯಾರದು ಎಂದು ಹೇಳಬೇಕು. ಉದುರಿದ ಗುಂಡಿ ನೋಡಿ ಅಂಗಿ ಎಂಥದೆಂದು ಹೇಳಿದ ಹಾಗೆ ಎಂದು ಸೂಜಿಯಮ್ಮ ತಮ್ಮ ಕೆಲಸವನ್ನು ತಾವೇ ಲೇವಡಿ ಮಾಡುತ್ತಿದ್ದರು. ಆದರೆ ಬೇರೆಯವರು ಲೇವಡಿ ಮಾಡಿದರೆ ಸಹಿಸುತ್ತಿರಲಿಲ್ಲ.

ಲಂಗರು ಸರ್ ಕೋಲನ್ನು ಮಾವನ ಕೈಗೆ ಕೊಟ್ಟರು. ಸೋಫಾದ ಮೇಲೆ ಕೂತು, ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿನ ಕಡೆಗೆ ತಿರುಗಿಸಿಕೊಂಡು ಮನೆಯೊಳಗೆ ಇಳಿದರು. ಅವರ ಭಾರಕ್ಕೋ ಏನೋ ಸೋಫಾ ಲಟಕ್ಕೆಂದು ಬಿಟ್ಟುಕೊಂಡಿತು.

"ಬಂದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಯ್ತು" ಎಂದು ಗೊಣಗಿದ ಮಾವ.

ಬಚ್ಚಲಲ್ಲಿ ಬೂದುಬಣ್ಣದ ಅಗಲವಾದ ಪ್ಲಾಸ್ಟಿಕ್ ತೊಟ್ಟಿ, ಅದರ ಮೇಲೆ ಹಲಗೆ. ಗುಬ್ಬಿ ಹಲಗೆ ಸರಿಸಿದ್ದೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಕಲಕಿದ ನೀರಿನ ತಳದಲ್ಲಿ ದಪ್ಪ ಪುಸ್ತಕದಷ್ಟು ದೊಡ್ಡ ಕಲ್ಲಿನ ಚಪ್ಪಡಿ ಮಸುಕಾಗಿ ಕಾಣುತ್ತಿತ್ತು. ಅದರ ಮೇಲಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

"ಇನ್ನೂ ತಿಂತಾ ಇದೆ" ಎಂದರು ಲಂಗರು ಸರ್.

"ಏನು ಸರ್?"

"ವಿನೆಗರು, ಕಲ್ಲನ್ನ. ನಿಮ್ಮಮ್ಮ ಮೇಲಿನ ಪದರ ಮಾತ್ರ ಕರಗಿಸ್ತೀನಿ ಅಂದಿದ್ರು. ಸ್ಪಂಜು ಅರ್ಧ ಮೇಲೆ ಎದ್ದು ಕಾಣ್ಬೇಕು, ಇನ್ನರ್ಧ ಕಲ್ಲನ್ನ ಕಚ್ಕೊಂಡಿರ್ಬೇಕು. ಮೊನ್ನೆನೇ ನಿಲ್ಲಿಸ್ಬೇಕಿತ್ತು. ಅಷ್ಟರಲ್ಲಿ ಅವರು ಆಸ್ಪತ್ರೆ ಸೇರಿದ್ರು. ಇದನ್ನ ಕೇಳೋರು ಯಾರು?"

"ನಿಲ್ಲಿಸ್ದೇ ಇದ್ರೆ?"

"ಕೆಳಗಿನ ಕಲ್ಲೂ ಕರಗುತ್ತೆ. ಹಿಡ್ಕೊಳ್ಳೋಕೆ ಏನೂ ಇಲ್ದೆ ಇಡೀ ಸ್ಪಂಜು ಕುಸಿದು ಒಂದು ಹಿಡಿ ಸೂಜಿ ಆಗುತ್ತೆ. ಅಂಥಾ ಸೂಜಿ ನಮ್ಮಲ್ಲಿ ಡಬ್ಬಿಗಟ್ಟಲೆ ಇದೆ. ಸಂಜೆ ತನಕ ತಡೆದ್ರೆ ನಮ್ಮ ಪುಣ್ಯ."

"ಅಷ್ಟೇ ತಾನೇ" ಎಂದು ಗುಬ್ಬಿ ತೋಳು ಮಡಚಿ ತೊಟ್ಟಿಗೆ ಕೈ ಹಾಕಲು ಹೋದಳು.

"ಅಯ್ಯಯ್ಯೋ, ಎತ್ಬೇಡ! ಅಲ್ಲಾಡಿಸಿದ್ರೆ ಮುಗೀತು. ಹುಳಿನೀರನ್ನ ರಬ್ಬರ್ ಕೊಳವೇಲಿ ನಿಧಾನ ಇಳಿಸ್ಬೇಕು. ಅಂಚಿನಿಂದ ಒಳ್ಳೆ ನೀರು ತುಂಬಿಸ್ಬೇಕು. ಮತ್ತೆ ಇಳಿಸು, ಮತ್ತೆ ತುಂಬಿಸು, ಗುಳ್ಳೆ ನಿಲ್ಲೋ ತನಕ. ನಾನೇ ಮಾಡ್ತಿದ್ದೆ, ಆದ್ರೆ ನೋಡು" ಎಂದು ಅವರು ಕೈ ಚಾಚಿದರು. ಬೆರಳುಗಳು ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. "ಅದಕ್ಕೂ ಮುಂಚೆ ನಿನಗೊಂದು ಮಾತು ಹೇಳ್ಬೇಕು. ಹೇಳ್ದೆ ನಿನ್ನ ಕೈಲಿ ಮಾಡಿಸಿದ್ರೆ ಅದು ಕಳ್ಳತನ."

ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. "ಗುಬ್ಬೀ, ಅಕ್ಕ ಬಂದ್ಲು" ಎಂದು ಮಾವ ಕೂಗಿದ.

* * *

ಅಪ್ಪ ತೀರಿಕೊಂಡ ಮೇಲೆ ಗುಬ್ಬಿ ಶಾಲೆ ಬಿಟ್ಟೊಡನೆ ವಸ್ತುಸಂಗ್ರಹಾಲಯಕ್ಕೇ ಬರುತ್ತಿದ್ದಳು. ತಾಯಿಯ ಮೇಜಿನ ಪಕ್ಕದಲ್ಲಿ ಒಂದು ಮೊಣಕಾಲುದ್ದದ ಸ್ಟೂಲು ಅವಳದು. ಮೇಜು ಅಲ್ಲಾಡಿಸಬಾರದು, ಸೀನಬಾರದು, ಕಿಟಕಿ ತೆಗೆಯಬಾರದು. ಒಂದು ಸೀನು ಬಂದರೆ ಒಂದು ವಾರದ ಕೆಲಸ ಹಾರಿಹೋಗುತ್ತದೆ. ಹೀಗಾಗಿ ಆಟದ ಟೀಚರಾಗಿ ಬಯಲಲ್ಲಿ ಗಂಟಲು ಹರಿಯುವ ಹಾಗೆ ಕಿರುಚುವ ಕೆಲಸ ಹಿಡಿದದ್ದು ಆ ಸ್ಟೂಲಿನ ಸೇಡು ತೀರಿಸಿಕೊಳ್ಳುವುದಕ್ಕೇ ಎಂದು ಗುಬ್ಬಿ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು.

ಸೂಜಿ ಎತ್ತಲು ಸೂಜಿಯಮ್ಮನ ಬಳಿ ಸಪೂರ ಕುಂಚವಿತ್ತು. ಒಂದು ದಿನ ಅದರಿಂದಲೂ ಏಳದ ಒಂದು ಸೂಜಿ ಸಿಕ್ಕಿತು. ಎಷ್ಟು ಸಲ ಪ್ರಯತ್ನಿಸಿದರೂ ಕುಂಚ ತಾಗಿ ಅದರ ಪಕ್ಕದ್ದು ಮುರಿಯುತ್ತಿತ್ತು. ಅವರು ಬೇಸತ್ತು ತಲೆಯೆತ್ತಿದಾಗ ಗುಬ್ಬಿಯ ಕೆನ್ನೆಯ ಮೇಲೆ ಉದುರಿದ ರೆಪ್ಪೆಗೂದಲು ಕಣ್ಣಿಗೆ ಬಿತ್ತು.

"ಅಲ್ಲಾಡ್ಬೇಡ."

"ಏನಮ್ಮಾ?"

"ಉಸಿರೂ ಬಿಡ್ಬೇಡ ಅಂದೆ."

ಆ ಕೂದಲನ್ನು ಬೆಂಕಿಕಡ್ಡಿಯ ತುದಿಗೆ ಅಂಟಿಸಿದರು. ಒಣಗುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತರು. ಆಮೇಲೆ ಸೂಜಿಯಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒಂದೇ ಸಲಕ್ಕೆ ಸೂಜಿಯನ್ನು ಎತ್ತಿ ಕಪ್ಪು ಹಾಳೆಯ ಮೇಲಿಟ್ಟರು. ಗುಬ್ಬಿಗೂ ತೋರಿಸಿದರು. ಆರು ಕೈ, ಒಂದೊಂದು ಕೈಗೂ ಗುಲಾಬಿ ಗಿಡದ ಹಾಗೆ ಮುಳ್ಳು. ಅಂಥ ಸೂಜಿಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅದು ಹೊಸ ಸ್ಪಂಜೆಂದು ಸೂಜಿಯಮ್ಮ ಬರೆದರು, ಅಚ್ಚಾಯಿತು. ಹೊಸದಕ್ಕೆ ಹೆಸರಿಡುವುದು ಕಂಡವರ ಹಕ್ಕು. ಅವರು ಗುಬ್ಬಿಯ ಹೆಸರಿಗೆ ಲ್ಯಾಟಿನ್ನಿನ ಬಾಲ ಅಂಟಿಸಿ ಇಟ್ಟರು.

"ನನ್ನ ಹೆಸರು ಯಾಕಮ್ಮ ಇಟ್ಟೆ?"

"ನಿನ್ನ ಕೂದಲು ಇಲ್ದಿದ್ರೆ ಅದು ಏಳ್ತಿರ್ಲಿಲ್ಲ. ಅದಕ್ಕೆ."

ಮಗಳನ್ನು ಮುದ್ದು, ಚಿನ್ನ ಎಂದು ಕರೆದ ತಾಯಿಯಲ್ಲ ಸೂಜಿಯಮ್ಮ. ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ಕೂತು ಏನಾದರೂ ಓದುತ್ತಿದ್ದರೇ ಹೊರತು ಒಂದು ಸವಿಮಾತು ಬರುತ್ತಿರಲಿಲ್ಲ. ಗುಬ್ಬಿಗೆ ಅದರಿಂದ ಒಳಗೊಳಗೇ ನೋವಾಗುತ್ತಿತ್ತು. ನೋವಾದಾಗಲೆಲ್ಲ ಎಲ್ಲೋ ಒಂದು ಪುಸ್ತಕದಲ್ಲಿ ತನ್ನ ಹೆಸರಿದೆ, ಲೋಕದಲ್ಲಿ ಯಾರು ಅಳಿಸಿದರೂ ಅಳಿಯದು ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಲಂಗರು ಸರ್ ಮಾತ್ರ ಕಿಟಕಿಯ ಆ ಬದಿಯ ಮೇಜಿನಿಂದ ಕುಟುಕುತ್ತಿದ್ದರು. "ನಿಮ್ಮ ಗುಬ್ಬಿ ಬೇರೆ ಅಲ್ಲ ಮೇಡಂ. ನನ್ನ ಲಂಗರಿನ ಮೈಯೇ ಇರ್ಬೇಕು."

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಎನ್ನುತ್ತಿದ್ದರು ಸೂಜಿಯಮ್ಮ.

* * *

ದೇಹವನ್ನು ನಡುಮನೆಯಲ್ಲಿ ಮಲಗಿಸಿದರು. ಬಿಳಿ ಹೊದಿಕೆ ಹೊದಿಸಿ, ತಲೆಯ ಬಳಿ ಹೂವಿಟ್ಟರು. ಮೂರು ಗಂಟೆಗೆ ಚಿತಾಗಾರದ ಗಾಡಿ ಬರುವುದೆಂದು ಗೊತ್ತಾಗಿತ್ತು. ನೆಂಟರು, ನೆರೆಯವರು, ವಸ್ತುಸಂಗ್ರಹಾಲಯದವರು ಬಂದು ಗೋಡೆಯುದ್ದಕ್ಕೂ ಕುರ್ಚಿ ಹಿಡಿದರು. ಗುಬ್ಬಿ ತಾಯಿಯ ಹಣೆ ಮುಟ್ಟಿ ನೋಡಿದಳು, ಹೊದಿಕೆಯ ಅಂಚು ಸರಿಮಾಡಿದಳು. ಆಮೇಲೆ ಮತ್ತೆ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಏನು ಹೇಳ್ಬೇಕು ಅಂದ್ರಿ?"

ಲಂಗರು ಸರ್ ಕವುಚಿಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು. "ನನಗೆ ಈ ಅಡ್ಡಹೆಸರು ಯಾಕೆ ಬಂತು ಗೊತ್ತಾ?"

"ಲಂಗರಿನ ಥರ ಕೊಕ್ಕೆ ಇರೋ ಸೂಜಿ ಕಂಡುಹಿಡಿದ್ರಿ ಅಂತ."

"ಹೂಂ. ಅದು ಬೇರೆ ಸ್ಪಂಜು ಅಂತ ನಾನೊಂದು ಹೆಸರಿಟ್ಟೆ. ಅದಾಗಿ ಎರಡು ವರ್ಷಕ್ಕೆ ನಿಮ್ಮಮ್ಮ ನಿನ್ನ ಹೆಸರಿನದು ಕಂಡುಹಿಡಿದ್ರು. ನನಗೆ ಅವತ್ತಿಂದ ಅನುಮಾನ. ಕೆಸರಲ್ಲಿ ಕೂರೋ ಸ್ಪಂಜಿಗೆ ಬೇರು ಬೇಡ್ವೇ? ಲಂಗರು ಅದರ ಬೇರಿನ ಸೂಜಿ, ಆರು ಕೈಯಿನದು ಮೈ ಗೋಡೆಯ ಸೂಜಿ, ಎರಡೂ ಒಂದೇ ಪ್ರಾಣಿ ಅಂತ ನಾನು. ಅಲ್ಲ ಅಂತ ನಿಮ್ಮಮ್ಮ. ಬಿಡಿ ಸೂಜಿ ಇಟ್ಕೊಂಡು ಇಬ್ರಿಗೂ ಸಾಬೀತು ಮಾಡೋಕಾಗ್ಲಿಲ್ಲ. ಈ ಕಲ್ಲಲ್ಲಿ ಬೇರೂ ಗೋಡೆಯೂ ಒಂದೇ ಮೈಗೆ ಅಂಟಿ ಕೂತಿದ್ರೆ ಮುಗೀತು. ಒಂದು ಪ್ರಾಣಿಗೆ ಎರಡು ಹೆಸರು ಇರೋ ಹಾಗಿಲ್ಲ. ಮೊದಲು ಇಟ್ಟಿದ್ದು ಉಳಿಯುತ್ತೆ."

"ಮೊದಲು ಇಟ್ಟಿದ್ದು ನಿಮ್ದು."

"ಹೂಂ."

"ಗುಬ್ಬಿ ಹೋಗುತ್ತೆ."

"ಹೋಗುತ್ತೆ."

ಬೆಳಗಿನಿಂದ ಅಳದ ಗುಬ್ಬಿಯ ಕಣ್ಣಲ್ಲಿ ಈಗ ನೀರಾಡಿತು. ಅದನ್ನು ಮುಚ್ಚಿಕೊಳ್ಳಲು ಸಿಟ್ಟು ಮಾಡಿದಳು. "ಇದಕ್ಕಾ ಬೆಳಗ್ಗೆ ಬೆಳಗ್ಗೆ ಕೋಲೂರ್ಕೊಂಡು ಓಡಿಬಂದಿದ್ದು? ಅಮ್ಮ ಕಣ್ಣು ಮುಚ್ಚಿ ಒಂದು ದಿನ ಆಗಿಲ್ಲ."

"ಇದಕ್ಕೂ ಹೌದು. ನಿನ್ನ ಹತ್ರ ಸುಳ್ಳು ಹೇಳಲ್ಲ. ಗೆಲ್ಬೇಕು ಅನ್ನೋ ಆಸೆ ಮುಪ್ಪಾದ್ರೂ ಮುಪ್ಪಾಗಲ್ಲ ಗುಬ್ಬಿ. ಆದ್ರೆ ಗೆದ್ದೆ ಅಂತ ಯಾರ ಮುಂದೆ ಹೇಳ್ಕೊಳ್ಬೇಕಿತ್ತೋ ಅವರು ನಡುಮನೇಲಿ ಮಲಗಿದ್ದಾರೆ."

"ಅಮ್ಮನಿಗೆ ಗೊತ್ತಿತ್ತಾ ಇದೆಲ್ಲ?"

"ಈ ಕಲ್ಲು ಸಿಕ್ಕ ದಿನ ಅವರೇ ಫೋನ್ ಮಾಡಿದ್ರು. ನೀವೇ ಸರಿ ಇರ್ಬಹುದು, ನೋಡಿಯೇಬಿಡೋಣ ಅಂದ್ರು. ನಾನು ನಕ್ಕೆ. ಅವರು ನಗ್ಲಿಲ್ಲ." ಲಂಗರು ಸರ್ ಕೋಲಿನ ಹಿಡಿಯನ್ನು ತಿರುಗಿಸಿದರು. "ನೀನು ಹಲಗೆ ಮುಚ್ಚಿ ಅಮ್ಮನ ಪಕ್ಕ ಹೋಗಿ ಕೂತ್ರೆ ಯಾರೂ ನಿನ್ನ ಕೇಳಲ್ಲ. ನಾನೂ ಕೇಳಲ್ಲ. ಅಷ್ಟು ಹೇಳಿ ಹೋಗೋಣ ಅಂತ್ಲೇ ಬಂದೆ."

ಗುಬ್ಬಿ ಹಲಗೆ ಎಳೆದು ತೊಟ್ಟಿಯ ಮೇಲೆ ಮುಚ್ಚಿದಳು. ಹೊರಗೆ ಹೋಗಿ ತಾಯಿಯ ತಲೆಯ ಬಳಿ ಕೂತಳು.

ಆಸ್ಪತ್ರೆಯಲ್ಲಿ ಅವಳು ಒಂದು ಸಲ ತೊಟ್ಟಿಯ ಸುದ್ದಿ ಎತ್ತಿದ್ದಳು. ಮೂಗಿಗೆ ಬಾಯಿಗೆ ಆಮ್ಲಜನಕದ ಮುಸುಕು ಹಾಕಿದ್ದ ತಾಯಿ ಮಾತಾಡುವ ಹಾಗಿರಲಿಲ್ಲ. ಕೈಯನ್ನು ಹಾಸಿಗೆಯ ಮೇಲೆ ಪಕ್ಕಕ್ಕೆ ಸರಿಸಿದ್ದರು. ಬಿಡು ಎಂದಂತೆ. ಕರಗಿಹೋಗಲಿ, ನಿನ್ನ ಹೆಸರು ಉಳಿಯಲಿ, ಬಿಡು ಎಂದೇ? ಅಥವಾ ಈಗ ಆ ಮಾತು ಯಾಕೆ, ಮನೆಗೆ ಹೋಗಿ ನಾನೇ ನೋಡಿಕೊಳ್ಳುತ್ತೇನೆ ಎಂದೇ? ಗುಬ್ಬಿ ತಾಯಿಯ ಮುಖ ನೋಡಿದಳು. ಆ ಮುಖ ಬದುಕಿದ್ದಾಗಲೇ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ, ಈಗ ಕೊಡುತ್ತದೆಯೇ.

ಪಕ್ಕದ ಮನೆಯಾಕೆ ಮಾವನಿಗೆ ಹೇಳುತ್ತಿದ್ದಳು. "ಇಷ್ಟು ವರ್ಷದಿಂದ ನೋಡ್ತಿದೀನಿ, ನಿಮ್ಮಕ್ಕ ಏನು ಕೆಲಸ ಮಾಡ್ತಿದ್ರು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ."

"ನನಗೆ ಮಾತ್ರ ಅರ್ಥ ಆಗಿದೆಯಾ?" ಎಂದ ಮಾವ. "ಪಾತ್ರೆ ತೊಳೆಯೋ ಸ್ಪಂಜಿಗೆ ಇಷ್ಟು ಓದ್ಬೇಕೇನೇ ಅಂತ ರೇಗಿಸ್ತಿದ್ದೆ. ಒಂದು ಸಲ ಅವಳ ಆಫೀಸಿಗೆ ಹೋಗಿದ್ದೆ. ಡಬ್ಬಿ ತೆಗೆದು ಸೂಜಿ ತೋರಿಸಿದ್ಲು, ಇನ್ನೊಂದು ಡಬ್ಬಿ ತೆಗೆದು ಮತ್ತೂ ಸೂಜಿ. ಅಕ್ಕಾ, ಬರೀ ಸೂಜಿನೇ ತೋರಿಸ್ತೀಯಲ್ಲ, ಇಡೀ ಸ್ಪಂಜು ಒಂದು ತೋರಿಸು ಅಂದೆ. ನಾನೂ ನೋಡಿಲ್ಲ ಕಣೋ ಅಂದ್ಲು."

"ನೋಡೇ ಇಲ್ವಂತಾ?"

"ಇವಳ ಸ್ಪಂಜುಗಳಲ್ಲಿ ಒಂದೂ ಇಡಿಯಾಗಿ ಸಿಕ್ಕಿರ್ಲಿಲ್ವಂತೆ. ಎಲ್ಲಾ ಚೂರು. ಅವತ್ತು ನಾನು ನಕ್ಕುಬಿಟ್ಟೆ. ಇವತ್ತು ಯಾಕೋ ಸಂಕಟ ಆಗ್ತಿದೆ."

* * *

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಗುಬ್ಬಿ ತಾಯಿಯ ಔಷಧಿ ಕೊಟ್ಟುಹೋಗಲು ಬಂದಿದ್ದಳು. ಮೈಮೇಲೆ ಆಟದ ಉಡುಪು, ಕೊರಳಲ್ಲಿ ಸೀಟಿ. ಸೂಜಿಯಮ್ಮ ಬಚ್ಚಲಿನಲ್ಲಿದ್ದರು. ತೊಟ್ಟಿಯಲ್ಲಿ ಕಲ್ಲು ಒಣಗಿಕೊಂಡು ಮಲಗಿತ್ತು. ಅವರ ಕೈಯಲ್ಲಿ ವಿನೆಗರಿನ ಡಬ್ಬ.

"ಗುಬ್ಬಿ, ಇಲ್ಲಿ ಬಾ. ಈ ಅಂಚು ನೋಡು. ಇವು ನಿನ್ನವು. ಇಲ್ಲಿ ಕೆಳಗೆ ಕೊಕ್ಕೆ ಕಾಣ್ತಿದೆಯಲ್ಲ, ಇದು ಆ ಮನುಷ್ಯಂದು."

"ಹೌದಾ" ಎಂದಳು ಗುಬ್ಬಿ. ಅವಳ ಕಣ್ಣು ಫೋನಿನ ಮೇಲಿತ್ತು.

"ಒಳಗೆ ಏನಿದೆ ಅಂತ ಹುಯ್ದ ಮೇಲೇ ಗೊತ್ತಾಗೋದು. ಹುಯ್ದ ಮೇಲೆ ವಾಪಸ್ ತಗೊಳ್ಳೋಕಾಗಲ್ಲ."

"ಹೂಂ."

"ಹುಯ್ಲಾ?"

ಸೂಜಿಯಮ್ಮ ಯಾರನ್ನೂ ಕೇಳಿ ಯಾವುದನ್ನೂ ಮಾಡಿದವರಲ್ಲ. ಮನೆ ಬದಲಿಸಿದಾಗ, ಹಲ್ಲು ಕೀಳಿಸಿಕೊಂಡಾಗ, ಎಲ್ಲ ಮುಗಿದ ಮೇಲೆಯೇ ಮಗಳಿಗೆ ಹೇಳುತ್ತಿದ್ದದ್ದು. ಅದು ಗುಬ್ಬಿಗೆ ಆಗ ಹೊಳೆಯಲಿಲ್ಲ.

"ಹುಯ್ಯಮ್ಮ, ಅದನ್ನೂ ನನ್ನ ಕೇಳ್ಬೇಕಾ? ಹುಡುಗೀರು ಮೈದಾನದಲ್ಲಿ ಕಾಯ್ತಿದ್ದಾರೆ."

ಸೂಜಿಯಮ್ಮ ಡಬ್ಬ ಹಿಡಿದುಕೊಂಡೇ ಸ್ವಲ್ಪ ಹೊತ್ತು ಮಗಳನ್ನು ನೋಡಿದರು. ಗುಬ್ಬಿ ಬೀದಿ ಬಾಗಿಲು ದಾಟುವಾಗ ಒಳಗಿನಿಂದ ಗಳಗಳ ಹುಯ್ಯುವ ಸದ್ದು ಕೇಳಿಸಿತು.

* * *

ಗುಬ್ಬಿ ಎದ್ದಳು. ಲಂಗರು ಸರ್ ಚೀಲ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದರು. ಅವರಿಗೆ ಅಡ್ಡ ನಿಂತಳು.

"ಚೀಲದಲ್ಲಿ ಏನಿದೆ?"

"ರಬ್ಬರ್ ಕೊಳವೆ."

"ತೆಗೀರಿ."

"ಗುಬ್ಬಿ, ಇನ್ನೊಂದು ಸಲ ಯೋಚನೆ ಮಾಡು. ನಿಮ್ಮಮ್ಮನ ಮನಸ್ಸಲ್ಲಿ ಏನಿತ್ತೋ ನನಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಹೆಸರು ನಂದು ಸರ್, ನಾನು ಹೇಳ್ತೀನಿ. ಅಮ್ಮ ಒಂದೇ ಒಂದು ಇಡೀ ಸ್ಪಂಜು ಹುಡುಕಿ ತಂದಿಟ್ಟಿದ್ದಾಳೆ. ನನ್ನ ಹೆಸರು ಉಳೀಲಿ ಅಂತ ಅದನ್ನೂ ಒಂದು ಹಿಡಿ ಸೂಜಿ ಮಾಡ್ಲಾ? ನನ್ನ ಕೈಲಾಗಲ್ಲ. ತೆಗೀರಿ ಕೊಳವೆ."

ಕೊಳವೆಗೆ ನೀರು ತುಂಬಿ, ಒಂದು ತುದಿಯನ್ನು ತೊಟ್ಟಿಯ ಮೂಲೆಗಿಳಿಸಿ, ಇನ್ನೊಂದನ್ನು ಬಚ್ಚಲ ಕಿಂಡಿಗೆ ಬಿಟ್ಟರು. ಹುಳಿನೀರು ಬೆರಳುಗಾತ್ರ ಹರಿಯತೊಡಗಿತು. ಗುಬ್ಬಿ ಮಂಡಿಯೂರಿ ಕೊಳವೆಯನ್ನು ಅಲ್ಲಾಡದ ಹಾಗೆ ಹಿಡಿದಳು. ಕಾಲು ಜೋಮು ಹಿಡಿಯಿತು. ಮಂಡಿ ಬದಲಿಸಲಿಲ್ಲ.

ಬಾಗಿಲು ದಬ್ಬಿಕೊಂಡು ಮಾವ ಬಂದ. "ಏನೇ ಇದು! ದೂರದಿಂದ ಬಂದೋರು ಕೈಕಾಲು ತೊಳೀಬೇಕು ಅಂತಿದ್ದಾರೆ. ಹೆತ್ತ ತಾಯಿನ ಅಲ್ಲಿ ಬಿಟ್ಟು ಇಲ್ಲಿ ಕೂತಿದ್ದೀಯಲ್ಲ, ಜನ ಏನಂತಾರೆ?"

"ಅನ್ಲಿ. ಕೈ ತೊಳೆಯೋರೆಲ್ಲ ಅಡುಗೆಮನೆ ನಲ್ಲಿಗೆ ಹೋಗಿ!" ಎಂದು ಅವಳು ಅಲ್ಲಿಂದಲೇ ಕೂಗಿದಳು. ನಡುಮನೆಯಲ್ಲಿ ಪಿಸುಗುಡುತ್ತಿದ್ದವರೆಲ್ಲ ಗಪ್‌ಚಿಪ್ಪಾದರು. ಇಬ್ಬರು ಮೂವರು ಎದ್ದು ಅಡುಗೆಮನೆಗೆ ಹೋಗಿಯೂಬಿಟ್ಟರು.

"ಮಾವ, ಅಮ್ಮ ಯಾವತ್ತೂ ನೋಡ್ದೇ ಇದ್ದ ಸ್ಪಂಜು ಇದರಲ್ಲಿದೆ. ಇಡೀ ಸ್ಪಂಜು. ಇವತ್ತು ಬಿಟ್ರೆ ಹೋಗುತ್ತೆ."

ಮಾವ ತೊಟ್ಟಿಯನ್ನು ನೋಡಿದ, ಅಲ್ಲಾಡದೆ ಮಂಡಿಯೂರಿದ್ದ ಸೊಸೆಯನ್ನು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿದ. "ನೀರು ಎಷ್ಟು ಬೇಕು?"

ಆ ಬಚ್ಚಲ ನಲ್ಲಿ ಬಿಟ್ಟರೆ ಧೋ ಎಂದು ಸುರಿಯುವ ಜಾತಿಯದು, ನಂಬುವ ಹಾಗಿರಲಿಲ್ಲ. ಹೀಗಾಗಿ ಮಾವ ಅಡುಗೆಮನೆಯಿಂದ ಬಕೆಟ್ಟು ಹೊತ್ತು ತಂದ. ಗುಬ್ಬಿ ಮಡಿಸಿದ ಟವೆಲನ್ನು ತೊಟ್ಟಿಯ ಅಂಚಿಗೆ ಹಾಸಿ, ಅದರ ಮೇಲೆ ಲೋಟದಿಂದ ನೀರಿಳಿಸಿದಳು. "ನಿಧಾನ, ನಿಧಾನ" ಎನ್ನುವುದು ಲಂಗರು ಸರ್ ಕೆಲಸ. ಒಂದು ಸಲ ತುಂಬಿಸಿ ಇಳಿಸಿದ್ದಾಯಿತು. ಇನ್ನೊಂದು ಸಲ ತುಂಬಿಸಿದ್ದಾಯಿತು. ಗುಳ್ಳೆ ಇನ್ನೂ ಏಳುತ್ತಲೇ ಇತ್ತು. ನಡುನಡುವೆ ಯಾರೋ ಬಂದು ಗುಬ್ಬಿಯ ಹೆಗಲು ಮುಟ್ಟಿ "ಸಮಾಧಾನ ಮಾಡ್ಕೋ" ಎನ್ನುತ್ತಿದ್ದರು. ಅವಳು ತಲೆಯಾಡಿಸಿ ಲೋಟಕ್ಕೆ ಕೈಚಾಚುತ್ತಿದ್ದಳು.

ಮೂರನೆಯ ಸಲ ನೀರು ತಿಳಿಯಾಯಿತು. ಒಂದು ಗುಳ್ಳೆ ಎದ್ದಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಎದ್ದಿತು. ಆಮೇಲೆ ಯಾವುದೂ ಏಳಲಿಲ್ಲ.

ಮೂವರೂ ಬಗ್ಗಿದರು. ಕಲ್ಲಿನ ಮೇಲೆ ಅಂಗೈಯಷ್ಟು ದೊಡ್ಡ ಹೂದಾನಿ ಒರಗಿ ಮಲಗಿದಂತಿತ್ತು. ಅದರ ಗೋಡೆ ತುಂಬ ಆರು ಕೈಯ ಸೂಜಿಗಳು ಒಂದರ ತೋಳನ್ನು ಇನ್ನೊಂದು ಹಿಡಿದು ಬಲೆಯಾಗಿದ್ದವು. ಕೆಳಕ್ಕೆ ಬರುತ್ತ ಗೋಡೆ ಕಿರಿದಾಗಿ, ಅದರ ಬುಡದಿಂದಲೇ ಉದ್ದುದ್ದ ಸೂಜಿಗಳು ಜಡೆಯಂತೆ ಇಳಿದಿದ್ದವು. ಲಂಗರು ಸರ್ ಚೀಲದಿಂದ ಭೂತಗನ್ನಡಿ ತೆಗೆದು ಗುಬ್ಬಿಯ ಕೈಗೆ ಕೊಟ್ಟರು. ಪ್ರತಿ ಸೂಜಿಯ ತುದಿಯಲ್ಲೂ ಕೊಕ್ಕೆಯಿತ್ತು. ಕೊಕ್ಕೆಗಳು ಕಲ್ಲಾದ ಕೆಸರನ್ನು ಇನ್ನೂ ಹಿಡಿದುಕೊಂಡೇ ಇದ್ದವು.

"ಒಂದೇ" ಎಂದಳು ಗುಬ್ಬಿ.

ಲಂಗರು ಸರ್ ಇನ್ನೂ ತೊಟ್ಟಿಯನ್ನೇ ನೋಡುತ್ತಿದ್ದರು. ಜೀವಮಾನದ ಜಗಳ ಗೆದ್ದವರ ಮುಖ ಹಾಗಿರುವುದಿಲ್ಲ. ಗೋಡೆ ಹಿಡಿದು ಎದ್ದು, ಕಿಟಕಿಯ ಕಡೆ ತಿರುಗಿ, ಕರವಸ್ತ್ರಕ್ಕಾಗಿ ಎಲ್ಲ ಜೇಬುಗಳಲ್ಲೂ ಹುಡುಕಿದರು.

ಹೊರಗೆ ಗಾಡಿಯ ಹಾರನ್ನು ಕೇಳಿಸಿತು. "ಮೂರು ಗಂಟೆ ಆಯ್ತು ಗುಬ್ಬಿ" ಎಂದ ಮಾವ, ಮೆಲ್ಲಗೆ.

ಗುಬ್ಬಿ ಒದ್ದೆ ಕೈಯಲ್ಲೇ ನಡುಮನೆಗೆ ಬಂದಳು. ಕೂತವರೆಲ್ಲ ಎದ್ದು ನಿಂತರು. ಅವಳು ಗಂಟಲು ಸರಿಮಾಡಿಕೊಂಡಳು.

"ಎಲ್ರೂ ಸಾಲಾಗಿ ಬನ್ನಿ. ಅಮ್ಮನ್ನ ನೋಡಿ. ನೋಡಿ ಆದ್ಮೇಲೆ ಹಾಗೇ ಒಳಗೆ ಬಚ್ಚಲಿಗೆ ಹೋಗಿ. ಅಲ್ಲಿ ತೊಟ್ಟೀಲಿ ಅವಳು ಹುಡುಕಿದ್ದು ಒಂದಿದೆ, ಅದನ್ನೂ ನೋಡಿ. ತೊಟ್ಟಿ ಯಾರೂ ಮುಟ್ಬಾರ್ದು. ಸೀನು ಬರೋರು ಮೊದಲೇ ಸೀನಿ ಹೋಗಿ."

ಸಾವಿನ ಮನೆಯಲ್ಲಿ ಇಂಥ ಅಪ್ಪಣೆಯನ್ನು ಯಾರೂ ಕೇಳಿರಲಿಲ್ಲ. ಆದರೆ ಆ ದನಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಸಾಲು ಕಟ್ಟಿತು. ಸೂಜಿಯಮ್ಮನ ಪಾದದ ಬಳಿ ಒಂದು ಗಳಿಗೆ ನಿಂತು, ಕಣ್ಣೊರೆಸಿಕೊಂಡು, ಕತ್ತಲ ನಡೆಯಲ್ಲಿ ಸಾಗಿ, ಒಬ್ಬೊಬ್ಬರೇ ಬಚ್ಚಲ ಹೊಸ್ತಿಲು ದಾಟಿದರು. ಗುಬ್ಬಿ ತೊಟ್ಟಿಯ ಪಕ್ಕದಲ್ಲಿ ನಿಂತಿದ್ದಳು, ಲಂಗರು ಸರ್ ಕಿಟಕಿಯ ಬಳಿ. ಮಾವ ಕೈ ಹಿಂದೆ ಕಟ್ಟಿ ಬಗ್ಗಿ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ.

ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಗ್ಗಿದಳು. ನೋಡುತ್ತ ನೋಡುತ್ತ ಕೈ ತಾನಾಗಿ ಇಳಿಯಿತು. "ಎಷ್ಟು ಚೆಂದ ಇದೆ! ಇದರ ಹೆಸರೇನು?"

ಕಿಟಕಿಯ ಬಳಿಯಿಂದ ಲಂಗರು ಸರ್ ತಟ್ಟನೆ ತಿರುಗಿದರು. "ಅದು ಇನ್ನೂ..." ಎಂದು ಏನೋ ಹೇಳಹೊರಟರು.

"ಲಂಗರು" ಎಂದಳು ಗುಬ್ಬಿ, ಎಲ್ಲರಿಗೂ ಕೇಳುವ ಹಾಗೆ. "ಇದರ ಹೆಸರು ಲಂಗರು."

ಸಾಲು ಮುಂದೆ ಸರಿಯಿತು. ಬೀದಿಯಲ್ಲಿ ಹಾರನ್ನು ಇನ್ನೊಮ್ಮೆ ಕೇಳಿಸಿತು, ಆಮೇಲೆ ನಿಂತಿತು. ಜನ ಯಾಕೆ ಹೊರಗೆ ಬರುತ್ತಿಲ್ಲವೆಂದು ನೋಡಲು ಗಾಡಿಯ ಡ್ರೈವರ್ ಒಳಗೆ ಬಂದ. ಸಾಲು ಕಂಡು, ಇದೂ ಒಂದು ಪದ್ಧತಿಯಿರಬೇಕೆಂದುಕೊಂಡು ಕೊನೆಯಲ್ಲಿ ಸೇರಿಕೊಂಡ. ನಡುಮನೆಯಲ್ಲಿ ಸೂಜಿಯಮ್ಮನ ಮುಂದೆ ಟೋಪಿ ತೆಗೆದು ತಲೆ ಬಾಗಿಸಿದ, ಮತ್ತೆ ಹಾಕಿಕೊಂಡ. ಮುಂದಿನವರ ಹಿಂದೆ ನಡೆದು ಬಚ್ಚಲಿಗೆ ಬಂದ. ತೊಟ್ಟಿಯ ತಿಳಿನೀರಿನ ತಳದಲ್ಲಿ ಸ್ಪಂಜು ಬೇರು ಸಮೇತ ಇಡಿಯಾಗಿ ಕೂತಿತ್ತು. ಡ್ರೈವರ್ ಅದನ್ನು ನೋಡಿದ. ಏನೆಂದು ಯಾರನ್ನೂ ಕೇಳಲಿಲ್ಲ. ಟೋಪಿಯನ್ನು ಮತ್ತೆ ತೆಗೆದು, ಎದೆಗೆ ಹಿಡಿದು ನಿಂತ.